ಭದ್ರಾವತಿಯಲ್ಲಿ ಕಬ್ಬಿಣ ಕಂಡುಹಿಡಿದದ್ದು

ಕಬ್ಬಿಣವನ್ನು ಮೊದಲು ಕಂಡುಹಿಡಿದವರು ಯಾರು ಎಂದು ಲೋಕದ ಪಂಡಿತರೆಲ್ಲ ತಲೆ ಕೆಡಿಸಿಕೊಂಡಿದ್ದಾರಂತೆ. ನನ್ನನ್ನು ಒಂದು ಮಾತು ಕೇಳಿದ್ದರೆ ಅವರ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು. ಕಂಡುಹಿಡಿದವರು ಇಬ್ಬರು. ಒಬ್ಬ ನಾನು, ರಂಗಪ್ಪ. ಇನ್ನೊಬ್ಬ ನನ್ನ ಗೆಳೆಯ ಹಾಲೇಶ. ಜಾಗ, ಭದ್ರಾವತಿ ನ್ಯೂಟೌನಿನಲ್ಲಿ ಹಾಲೇಶನ ಮನೆಯ ಹಿತ್ತಲು, ಬಟ್ಟೆ ಒಗೆಯುವ ಕಲ್ಲಿನಿಂದ ಸ್ವಲ್ಪ ಆಚೆ. ಕಾಲ, ಹೋದ ವರ್ಷ ಶಿವರಾತ್ರಿಗೆ ಮುಂಚಿನ ಭಾನುವಾರ. ನಮಗಿಂತ ಮೊದಲು, ಮೂರು ಸಾವಿರ ವರ್ಷಕ್ಕೂ ಹಿಂದೆ, ಈ ಸೀಮೆಯಲ್ಲಿ ಯಾರೋ ಕಂಡುಹಿಡಿದಿದ್ದರು ಎಂದು ನನ್ನ ಮಗಳು ಹೇಮಶ್ರೀ ಹೇಳುತ್ತಾಳೆ. ಇರಬಹುದು. ಅವರು ನಮಗೆ ಹೇಳಿ ಹೋಗಿರಲಿಲ್ಲವಾದ್ದರಿಂದ ನಾವು ಮೊದಲಿನಿಂದ ಶುರುಮಾಡಬೇಕಾಯಿತು.

ನಾವಿಬ್ಬರೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ಕೂದಲು ಬೆಳ್ಳಗೆ ಮಾಡಿಕೊಂಡವರು. ಹಾಲೇಶನದು ಟ್ಯಾಪಿಂಗ್ ಕೆಲಸ. ಎಂದರೆ, ಫರ್ನೇಸಿನ ಬುಡದಲ್ಲಿರುವ ಮಣ್ಣಿನ ಬಿರಡೆಯನ್ನು ಉದ್ದನೆಯ ಸಲಾಕೆಯಿಂದ ಒಡೆದು, ಕರಗಿದ ಕಬ್ಬಿಣವನ್ನು ಮರಳಿನ ಕಾಲುವೆಗೆ ಬಿಡುವುದು. ಅವನು ಬಿರಡೆ ಒಡೆದಾಗ ಬರುತ್ತಿದ್ದ ಬೆಳಕನ್ನು ನೋಡಿ ಶಿವಮೊಗ್ಗದ ಕೋಟೆಯಲ್ಲಿ ಕೋಳಿಗಳು ಕೂಗುತ್ತಿದ್ದವು. ಗಾಜನೂರಿನಲ್ಲಿ ಹಸುಗಳು ಕೊಟ್ಟಿಗೆಯಿಂದ ಎದ್ದು ಮೇಯಲು ಹೊರಡುತ್ತಿದ್ದವು. ನನ್ನ ಹೆಂಡತಿ ಶೇಷಮ್ಮನ ತವರು ಅದೇ ಗಾಜನೂರು. ಅವರ ಮನೆಯ ಹಸುಗಳು ಹಾಗೆ ಯಾವತ್ತೂ ಎದ್ದದ್ದಿಲ್ಲ ಎಂದು ಆಕೆ ಹೇಳುತ್ತಾಳೆ. ಅವರ ಮನೆಯ ಹಸುಗಳು ಸೋಮಾರಿಗಳು, ಅದಕ್ಕೆ ನಾನೇನು ಮಾಡಲಿ.

ಹೊಸ ಸಂಗತಿಯೊಂದು ಹುಟ್ಟಿ ಹರಡುವುದು ಹೇಗೆ ಎಂಬುದು ಹೇಮಶ್ರೀಯ ಪಾಠದ ವಿಷಯ. ಶಿವಮೊಗ್ಗದ ಕಾಲೇಜೊಂದರಲ್ಲಿ ಅವಳು ಪ್ರಾಗಿತಿಹಾಸ ಕಲಿಸುತ್ತಾಳೆ. ಬೆಂಕಿ, ಚಕ್ರ, ಮಡಕೆ, ಬಿತ್ತನೆ ಇವೆಲ್ಲ ಒಂದೇ ಕಡೆ ಹುಟ್ಟಿ ಊರಿಂದೂರಿಗೆ ಹೋದವೋ, ಅಥವಾ ಅಲ್ಲಲ್ಲಿ ಬೇರೆಬೇರೆಯಾಗಿಯೇ ಹುಟ್ಟಿದವೋ ಎಂದು ಅವಳು ವರ್ಷಗಟ್ಟಲೆ ಓದಿದ್ದಾಳೆ. ನಾನು ಓದಲಿಲ್ಲ. ನಾನು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆ. ಅಲ್ಲಿ ಇದೆಲ್ಲ ಕಣ್ಣೆದುರಿಗೇ ನಡೆಯುತ್ತಿತ್ತು.

ಹೊಟ್ಟಿನ ಒಲೆಯದನ್ನೇ ತೆಗೆದುಕೊಳ್ಳಿ. ನಮ್ಮ ಹಿಂದಿನ ಲೈನಿನಲ್ಲಿ ಪಾಪಾತಿಯಕ್ಕ ಎಂಬ ತಮಿಳಿನಾಕೆ ಇದ್ದಳು. ಆಕೆ ಒಂದು ದಿನ ಹಳೆಯ ಪೈಂಟ್ ಡಬ್ಬದ ಬುಡದಲ್ಲಿ ತೂತು ಕೊರೆದು, ನಡುವೆ ಖಾಲಿ ಬಾಟಲಿ ನಿಲ್ಲಿಸಿ, ಸುತ್ತ ಸಾಮಿಲ್ಲಿನ ಮರದ ಹೊಟ್ಟನ್ನು ಗಿಡಿದು ತುಂಬಿ, ಬಾಟಲಿಯನ್ನು ಮೆಲ್ಲಗೆ ಮೇಲಕ್ಕೆಳೆದಳು. ನಡುವೆ ಉಳಿದ ಬಾವಿಗೆ ಕೆಳಗಿನಿಂದ ಬೆಂಕಿ ಕೊಟ್ಟರೆ ಅನ್ನ, ಸಾರು, ಸ್ನಾನದ ನೀರು ಎಲ್ಲ ಮುಗಿದರೂ ಉರಿಯುತ್ತಿತ್ತು. ಆ ಸಂಜೆಯೇ ಪಕ್ಕದ ತೆಲುಗಿನವರ ಮನೆಯಲ್ಲಿ ಇನ್ನೊಂದು ಡಬ್ಬ ಎದ್ದಿತು. ವಾರದೊಳಗೆ ಇಡೀ ನ್ಯೂಟೌನಿನಲ್ಲಿ ಖಾಲಿ ಬಾಟಲಿ ಸಿಗದೆ ಹೋಯಿತು. ಕುಡುಕರಿಗೆ ಮರ್ಯಾದೆ ಬಂದದ್ದು ಆಗಲೇ. ಅವರ ಮನೆಯ ಮುಂದೆ ಹೆಂಗಸರು ನಲ್ಲಿಗೆ ಪಾತ್ರೆ ಹಿಡಿದು ನಿಂತಂತೆ ಬಾಟಲಿಗೆ ನಿಲ್ಲುತ್ತಿದ್ದರು. ಆದರೆ ಶೇಷಮ್ಮನನ್ನು ಕೇಳಿ ನೋಡಿ. "ನಮ್ಮ ಗಾಜನೂರಲ್ಲಿ ಅದಕ್ಕೂ ಮೊದಲೇ ಇತ್ರೀ. ನಮ್ಮತ್ತಿಗೆ ಬಿದಿರಿನ ಅಂಡೆ ಇಟ್ಟು ಮಾಡ್ತಿದ್ರು," ಅನ್ನುತ್ತಾಳೆ. ಅವಳ ಅತ್ತಿಗೆಗೂ ಪಾಪಾತಿಯಕ್ಕನಿಗೂ ಮುಖಪರಿಚಯವೂ ಇರಲಿಲ್ಲ. ಈಗ ಯಾವ ಪಂಡಿತ ಏನು ಹೇಳುತ್ತಾನೆ?

ಆ ಒಲೆಯ ವಾಸನೆ, ಸಂಜೆಯ ಸೈರನ್ನು, ಫರ್ನೇಸಿನ ಬಿಸಿ ಇಟ್ಟಿಗೆಯ ಮೇಲಿಟ್ಟು ಬೆಚ್ಚಗೆ ಮಾಡಿದ ಬುತ್ತಿಯನ್ನು ಒಬ್ಬರದ್ದೊಬ್ಬರು ಕಿತ್ತು ತಿನ್ನುತ್ತಿದ್ದದ್ದು, ಎಲ್ಲ ಹೋಯಿತು. ನಾನು ನಿವೃತ್ತನಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಕಟ್ಟಿಸಿಕೊಂಡೆ. ಹಾಲೇಶ ಮತ್ತು ಅವನ ಹೆಂಡತಿ ಶರಾವತಿ ನ್ಯೂಟೌನಿನಲ್ಲೇ ಉಳಿದರು. ಫರ್ನೇಸು ಆರಿದ ಮೇಲೆ ಹಾಲೇಶ ಮಾತು ಕಡಿಮೆ ಮಾಡಿದ. ಮೊದಲೂ ಅವನದು ಬಹಳ ಮಾತಲ್ಲ. ನನ್ನಂಥವನ ಪಕ್ಕದಲ್ಲಿ ನಿಂತವನಿಗೆ ಮಾತಾಡುವ ಅವಕಾಶವಾದರೂ ಎಲ್ಲಿತ್ತು. ಆದರೆ ಈಗಿನ ಮೌನ ಬೇರೆ ತರಹದ್ದು. ಟೀ ಕುಡಿಯುತ್ತಾ ಚಿಮಣಿಯ ಕಡೆ ನೋಡುತ್ತಿದ್ದ, ಹೊಗೆ ಬರುತ್ತದೇನೋ ಎನ್ನುವಂತೆ.

ಅವರ ಮಗ ದಾವಣಗೆರೆಯಲ್ಲಿ ಮನೆ ತೆಗೆದುಕೊಂಡು ಇಬ್ಬರನ್ನೂ ಕರೆಯುತ್ತಿದ್ದ. ಶಿವರಾತ್ರಿ ಕಳೆದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು. ಶರಾವತಿ ಸಾಮಾನು ಕಟ್ಟಲು ಶುರುಮಾಡಿದಳು. ನಾನು ನೋಡಲು ಹೋದ ದಿನ ಹಾಲೇಶ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದ.

"ರಂಗಣ್ಣ, ಒಂದು ಆಸೆ ಕಣೋ," ಅಂದ.

"ಹೇಳು."

"ಹೋಗೋದ್ರೊಳಗೆ ಇನ್ನೊಂದ್ಸಲ ಕಬ್ಬಿಣ ನೋಡ್ಬೇಕಿತ್ತು. ಹರಿಯೋದು. ಅಷ್ಟೇ."

ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳುತ್ತಿದ್ದರು. ನಾನು, "ಅಷ್ಟೇನಾ? ಮುಂದಿನ ಭಾನುವಾರ ತೋರಿಸ್ತೀನಿ," ಅಂದೆ. ಅವನು ನನ್ನ ಮುಖ ನೋಡಿದ. ಇಷ್ಟು ವರ್ಷ ನನ್ನ ಮಾತು ಕೇಳಿದವನು, ನಂಬಬಾರದೆಂದು ಚೆನ್ನಾಗಿ ಗೊತ್ತಿದ್ದವನು. ಆದರೂ ನಂಬಿದ. ಅದು ನನಗೆ ಅವನ ಕಣ್ಣಿನಲ್ಲೇ ಗೊತ್ತಾಯಿತು. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ವಾಪಸು ಬರುವಾಗ ಭಾನುವಾರಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆರಳು ಮಡಿಸಿ ಎಣಿಸಿದೆ.

ಆದರೆ ನಾನು ಪೂರ್ತಿ ಗಾಳಿಯಲ್ಲಿ ಹೇಳಿದ್ದಲ್ಲ. ಹೇಮಶ್ರೀ ತನ್ನ ವಿದ್ಯಾರ್ಥಿಗಳಿಗೆ ತೋರಿಸಲು ಹಳೇ ಕಾಲದವರ ಹಾಗೆ ಮಣ್ಣಿನ ಗೂಡು ಕಟ್ಟಿ, ಇದ್ದಿಲು ಹಾಕಿ, ತಿದಿ ಊದಿ ಕಬ್ಬಿಣ ತೆಗೆಯಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದಳು. ಮೊದಲು ಒಂದು ಸಲ ಮಾಡಿ ನೋಡಲು ಅವಳಿಗೆ ಜಾಗ ಬೇಕಾಗಿತ್ತು. ಹಾಲೇಶನ ಹಿತ್ತಲಿಗಿಂತ ಒಳ್ಳೆಯ ಜಾಗ ಎಲ್ಲಿದೆ. ಅದಿರು ಹುಡುಕುವ ಕೆಲಸವೇ ಬೀಳಲಿಲ್ಲ. ಶರಾವತಿ ಹೂವಿನ ಪಾತಿಗೆ ಅಂಚು ಕಟ್ಟಿದ್ದದ್ದೇ ಕೆಂಪು ಅದಿರಿನ ಕಲ್ಲುಗಳಿಂದ. ಅವಳಿಗೆ ಅವು ಬರೀ ಚಂದದ ಕಲ್ಲು.

"ನನ್ನ ಕನಕಾಂಬರದ ಪಾತಿ ಕಿತ್ತು ಹಾಕಿದ್ರಲ್ಲ," ಅಂದಳು ಶರಾವತಿ.

"ದಾವಣಗೆರೆಗೆ ಪಾತಿ ಹೊತ್ಕೊಂಡು ಹೋಗ್ತೀಯೇನೆ ಮಾರಾಯ್ತಿ," ಅಂದಳು ಶೇಷಮ್ಮ.

ಮಣ್ಣು ಗಾಜನೂರಿನಿಂದ ಬಂತು. ತುಂಗೆಯ ದಡದ ಜೇಡಿಗೆ ಭತ್ತದ ಹೊಟ್ಟು ಕಲಸಿ ತುಳಿದವಳು ಶೇಷಮ್ಮ. ಗೂಡು ಎದೆಮಟ್ಟಕ್ಕೆ ಎದ್ದಿತು. ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡದು, ನನ್ನ ಹಾಗೆಯೇ. ಬುಡದಲ್ಲಿ ಎರಡು ತೂತು, ಒಂದು ಗಾಳಿ ಹೋಗಲು, ಇನ್ನೊಂದು ಕಬ್ಬಿಣ ಬರಲು. ತಿದಿಯನ್ನು ಕೋಟೆಯ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ರುದ್ರೇಶ್ ಅಟ್ಟದ ಮೇಲಿನಿಂದ ಇಳಿಸಿ ಕೊಟ್ಟರು. ಅವರ ತಾತನ ಕಾಲದ ಚರ್ಮದ್ದು, ಅಲ್ಲಲ್ಲಿ ಸೀಳಿತ್ತು. ನಾನು ಸೈಕಲ್ ಟ್ಯೂಬಿನ ತೇಪೆ ಹಾಕಿದೆ.

"ಆ ಕಾಲದಲ್ಲಿ ಸೈಕಲ್ ಟ್ಯೂಬ್ ಎಲ್ಲಿತ್ತಪ್ಪ," ಅಂದಳು ಹೇಮಶ್ರೀ.

"ಟ್ಯೂಬ್ ಇರ್ಲಿಲ್ಲ. ಪಂಕ್ಚರ್ ಇರ್ಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ."

ಶನಿವಾರ ಸಂಜೆ ಹೇಮಶ್ರೀ ನಮ್ಮನ್ನೆಲ್ಲ ಕೂರಿಸಿಕೊಂಡು ಗೂಡಿನೊಳಗೆ ಏನಾಗುತ್ತದೆ, ಕೊನೆಗೆ ಏನು ಬರುತ್ತದೆ ಎಂದು ವಿವರಿಸಿದಳಂತೆ. ವಿವರಿಸಿರಬೇಕು. ಅವಳ ಧ್ವನಿ ಬಹಳ ಮೆತ್ತಗೆ, ತಾಯಿಯ ಕಡೆಯದು. ಅದೇ ಹೊತ್ತಿಗೆ ನಾನು, ಒಮ್ಮೆ ಫರ್ನೇಸಿನ ಪೈಪು ಒಡೆದಾಗ ಬರೀ ಬಾಯಿಯಿಂದ ಊದಿ ಒಂದು ಇಡೀ ಶಿಫ್ಟನ್ನು ಹೇಗೆ ನಡೆಸಿದೆ ಎಂದು ಹಾಲೇಶನಿಗೆ ನೆನಪು ಮಾಡಿಕೊಡುತ್ತಿದ್ದೆ. ಅವನು ಅಲ್ಲೇ ಇದ್ದವನು, ಆದರೂ ಮೊದಲ ಸಲ ಕೇಳುವವನಂತೆ ಕೇಳುತ್ತಿದ್ದ. ಒಳ್ಳೆಯ ಗೆಳೆಯ ಅಂದರೆ ಹಾಗಿರಬೇಕು.

ಭಾನುವಾರ ಬೆಳಿಗ್ಗೆ ಹೇಮಶ್ರೀಗೆ ಕಾಲೇಜಿನಲ್ಲಿ ಯಾವುದೋ ಪರೀಕ್ಷೆಯ ಡ್ಯೂಟಿ ಬಿತ್ತು. ಗೂಡಿಗೆ ಬೆಂಕಿ ಕೊಡುವವರೆಗೆ ನಿಂತಿದ್ದು, ಶಿವಮೊಗ್ಗಕ್ಕೆ ಹೊರಟಳು.

"ಅಪ್ಪ, ಮಧ್ಯಾಹ್ನದ ಮೇಲೆ ಬರ್ತೀನಿ. ಅಲ್ಲೀ ತನಕ ಗೂಡು ಒಡೀಬೇಡಿ. ಹಾಲೇಶ್ ಮಾವ, ನಿಮಗೇ ಹೇಳ್ತಿರೋದು. ಇವರಿಗೆ ಹೇಳಿ ಪ್ರಯೋಜನ ಇಲ್ಲ."

"ಹೋಗಮ್ಮ," ಅಂದ ಹಾಲೇಶ. "ಫರ್ನೇಸಿನ ಮುಂದೆ ನಿಲ್ಲೋದು ನಮಗೆ ಹೊಸದಾ."

ಹೊಸದಾಗಿರಲಿಲ್ಲ. ಇದ್ದಿಲು ಒಂದು ಬುಟ್ಟಿ, ಅದಿರಿನ ಪುಡಿ ಒಂದು ಬೊಗಸೆ, ಮತ್ತೆ ಇದ್ದಿಲು. ಒಬ್ಬರು ದಣಿದರೆ ಇನ್ನೊಬ್ಬರು ತಿದಿ ಒತ್ತುವುದು. ನಾನು ಒತ್ತಿದಾಗ ಬಂದ ಗಾಳಿಗೆ ಪಕ್ಕದ ಮನೆಯ ಒಣಗಿದ ಬಟ್ಟೆಗಳು ಭದ್ರಾ ನದಿ ದಾಟಿ ಹೋದವು ಎಂದರೆ ನೀವು ನಂಬುವುದಿಲ್ಲ, ಇರಲಿ. ಹಾಲೇಶ ಅಂಗಿ ಕಳಚಿ, ತಲೆಗೆ ಟವೆಲ್ ಸುತ್ತಿ, ಗಾಳಿಯ ತೂತಿನೊಳಗೆ ಒಂದು ಕಣ್ಣು ಸಣ್ಣಗೆ ಮಾಡಿ ನೋಡುತ್ತಿದ್ದ. ಬೆಂಕಿಯ ಬಣ್ಣ ಕೆಂಪಿನಿಂದ ಕಿತ್ತಳೆಗೆ, ಕಿತ್ತಳೆಯಿಂದ ಹಳದಿಗೆ ಹೋದಂತೆ ಅವನ ಬೆನ್ನು ನೆಟ್ಟಗಾಯಿತು. "ಗಾಳಿ, ರಂಗಣ್ಣ, ಗಾಳಿ," ಅಂದ. ಆ ಕೂಗನ್ನು ಕೇಳಿ ಎಷ್ಟು ವರ್ಷವಾಗಿತ್ತು. ಶರಾವತಿ ಪೆಟ್ಟಿಗೆ ಕಟ್ಟುವುದು ಬಿಟ್ಟು ಬಾಗಿಲಿಗೆ ಬಂದು ನಿಂತಳು. "ಇವರ ಧ್ವನಿ ಇನ್ನೂ ಇದೆಯಾ," ಎಂದು ಶೇಷಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

ಊಟದ ಹೊತ್ತಿಗೆ ಬುಡದ ತೂತಿನ ಮಣ್ಣು ಬಿರಿಯಿತು. ಕೆಂಪಗೆ ಒಂದು ನಾಲಗೆ ಹೊರಗೆ ಬಂತು. ನಾನು ತಿದಿ ಬಿಟ್ಟು ಎದ್ದೆ. ಹಾಲೇಶ ಆಗಲೇ ಮಂಡಿಯೂರಿ ಕೂತಿದ್ದ. ಅದು ಮೆಲ್ಲಗೆ, ಮೆಲ್ಲಗೆ ನೆಲದ ಮೇಲೆ ಹರಡಿತು. ಹಾಲೇಶ ಬಹಳ ಹೊತ್ತು ನೋಡಿದ.

"ಕಿಟ್ಟ," ಅಂದ.

ಅದಿರಿನೊಳಗಿನ ಕಸ ಕರಗಿ ಬರುವುದಕ್ಕೆ ಕಿಟ್ಟ ಅನ್ನುತ್ತೇವೆ. ನೋಡಿದವರಿಗೆ ಎರಡೂ ಬೆಂಕಿಯೇ. ನಮಗೆ ಹಾಗಲ್ಲ. ಕಬ್ಬಿಣ ನೀರಿನ ಹಾಗೆ ಓಡುತ್ತದೆ, ಓಡುತ್ತಾ ಕಿಡಿ ಎರಚುತ್ತದೆ. ಕಿಟ್ಟ ಜೋನಿಬೆಲ್ಲದ ಹಾಗೆ ತೆವಳುತ್ತದೆ.

"ಮೊದಲು ಕಿಟ್ಟ ಬರೋದೇ ಅಲ್ವಾ. ಹಿಂದೆ ಬರ್ತಾ ಇರುತ್ತೆ," ಅಂದೆ.

"ಬರುತ್ತೆ," ಅಂದ.

ಊದಿದೆವು. ಇದ್ದಿಲು ಮುಗಿಯುವವರೆಗೆ ಊದಿದೆವು. ಬರಲಿಲ್ಲ. ಬೆಂಕಿ ಇಳಿಯಿತು, ಹಳದಿ ಮತ್ತೆ ಕೆಂಪಾಯಿತು. ಹಾಲೇಶ ಹೇಮಶ್ರೀಗೆ ಕೊಟ್ಟ ಮಾತು ಮರೆತು ಹಾರೆ ತೆಗೆದುಕೊಂಡ. ಗೂಡಿನ ಹೊಟ್ಟೆಯನ್ನು ಒಡೆದ. ಒಳಗೆ, ಗಾಳಿಯ ಕೊಳವೆಯ ಕೆಳಗೆ, ಒಂದು ಗಂಟು ಕೂತಿತ್ತು. ಕರ್ರಗೆ, ತೂತುತೂತಾಗಿ, ಇದ್ದಿಲಿನ ಚೂರು ಮೆತ್ತಿಕೊಂಡು, ಸುಟ್ಟು ಕರಕಲಾದ ಹಲಸಿನಕಾಯಿಯ ಹಾಗೆ.

ನಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ. ಗಾಳಿ ಸಾಲದೆ, ಬಿಸಿ ಸಾಲದೆ, ಅದಿರು ಕರಗದೆ ಒಳಗೇ ಗಂಟು ಕಟ್ಟಿತೆಂದರೆ ಫರ್ನೇಸಿನ ಕಥೆ ಮುಗಿದ ಹಾಗೆ. ಗಂಟು ಕಟ್ಟಿಸಿದ ಶಿಫ್ಟಿನವರ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಅವರ ಮನೆಯ ನಾಯಿಯನ್ನು ಬೇರೆ ನಾಯಿಗಳು ಹತ್ತಿರ ಸೇರಿಸುತ್ತಿರಲಿಲ್ಲ. ಹಾಲೇಶನ ಕಾಲದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಈಗ, ಕೊನೆಯ ಸಲ, ಅವನದೇ ಹಿತ್ತಲಲ್ಲಿ ಆಯಿತು.

"ಬಚ್ಚಿಡು, ಯಾರೂ ನೋಡ್ಬಾರ್ದು," ಅಂದ ಹಾಲೇಶ.

ಇಕ್ಕಳದಲ್ಲಿ ಹಿಡಿದೆತ್ತಿ, ಬಕೆಟ್ಟಿನ ನೀರಿಗೆ ಹಾಕಿ, ತಣ್ಣಗಾದ ಮೇಲೆ ಕಾಂಪೌಂಡಿನ ಮೂಲೆಯಲ್ಲಿ, ಶರಾವತಿ ಬೇಡವೆಂದು ರಾಶಿ ಹಾಕಿದ್ದ ಹಳೆಯ ಬಾಣಲೆ, ಮುರಿದ ಛತ್ರಿಗಳ ನಡುವೆ ಎಸೆದೆವು. ಕೈಕಾಲು ತೊಳೆದು ಊಟಕ್ಕೆ ಕೂತೆವು. ಹಾಲೇಶ ಅನ್ನ ಕಲಸಿಟ್ಟುಕೊಂಡು ಸುಮ್ಮನೆ ಕೂತಿದ್ದ. ನನ್ನ ಜೀವಮಾನದಲ್ಲಿ ನಾನೂ ಸುಮ್ಮನೆ ಕೂತ ಊಟ ಅದೊಂದೇ.

ಹೇಮಶ್ರೀ ಬಂದಳು. ಒಡೆದ ಗೂಡನ್ನು ನೋಡಿ ಬ್ಯಾಗು ಕೆಳಗಿಡದೆ ನಿಂತಳು.

"ಒಡೆದೇ ಬಿಟ್ರಲ್ಲ. ಎಲ್ಲಿ ಬಂದದ್ದು?"

"ಏನೂ ಬರ್ಲಿಲ್ಲ ಕಣಮ್ಮ," ಅಂದ ಹಾಲೇಶ. "ಕಿಟ್ಟ ಬಂತು, ನಿಂತುಹೋಯ್ತು."

"ಒಳಗೆ ಗಂಟೇನಾದ್ರೂ ಇತ್ತಾ?"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಗಂಟಾ," ಅಂದೆ ನಾನು. "ಯಾರ ಹತ್ರ ಮಾತಾಡ್ತಿದ್ದೀಯ ಅಂತ ಗೊತ್ತೇನೆ. ಇವನ ಕೈಲಿ ಗಂಟು ಕಟ್ಟುತ್ತಾ?"

"ಕಟ್ಟಿಲ್ವಾ?" ಹೇಮಶ್ರೀಯ ಮುಖ ಇಳಿಯಿತು. "ಹಾಗಾದ್ರೆ ಕಬ್ಬಿಣ ಆಗ್ಲೇ ಇಲ್ಲ. ಆ ಗಂಟೇ ಅಲ್ವಾ ಅಪ್ಪ ಕಬ್ಬಿಣ. ನಿನ್ನೆ ಅಷ್ಟು ಬಿಡಿಸಿ ಹೇಳಿದ್ನಲ್ಲ. ಇಷ್ಟು ಸಣ್ಣ ಗೂಡಲ್ಲಿ ಅದು ಕರಗಿ ಹರಿಯೋದಿಲ್ಲ. ಕಸ ಕರಗಿ ಹೋಗುತ್ತೆ, ಕಬ್ಬಿಣ ಸ್ಪಂಜಿನ ಹಾಗೆ ಒಳಗೇ ಕೂತಿರುತ್ತೆ. ಅದನ್ನ ಕಾಯಿಸಿ ಬಡೀಬೇಕು."

ಹಾಲೇಶ ಎದ್ದು ನಿಂತ. ಕಲಸಿದ ಅನ್ನದ ಕೈ ಹಾಗೇ ಇತ್ತು. ನೆಟ್ಟಗೆ ಕಾಂಪೌಂಡಿನ ಮೂಲೆಗೆ ಹೋದ. ನಾನೂ ಹೋದೆ. ಮೂಲೆ ಗುಡಿಸಿದ ಹಾಗೆ ಖಾಲಿ.

"ಶರಾವತಿ, ಇಲ್ಲಿದ್ದ ಸಾಮಾನು?"

"ಈಗ ತಾನೆ ಗುಜರಿ ಮನೋಹರ ಬಂದಿದ್ದ. ಹಾಕಿ ಕಳಿಸ್ದೆ," ಅಂದಳು ಶರಾವತಿ ಒಳಗಿನಿಂದ. "ಮೂಲೆ ಖಾಲಿ ಮಾಡ್ಸಿ ಅಂತ ತಿಂಗಳಿಂದ ಬಡ್ಕೋತಿದ್ದೆ, ನಿಮಗೆ ಪುರುಸೊತ್ತೇ ಇರ್ಲಿಲ್ಲ."

ಹಾಲೇಶನ ಟಿವಿಎಸ್ ಗಾಡಿಯನ್ನು ಅಂದು ನಾನು ಓಡಿಸಿದ ವೇಗಕ್ಕೆ ಎದುರಿಗೆ ಬಂದ ಬಸ್ಸುಗಳು ನಿಂತಿದ್ದಂತೆ ಕಂಡವು. ಅವು ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಇದ್ದವು ಎಂದು ಹಿಂದೆ ಕೂತಿದ್ದ ಹಾಲೇಶ ಆಮೇಲೆ ಹೇಳಿದ. ಸೇತುವೆಯ ಈಚೆ ಟೀ ಅಂಗಡಿಯ ಮುಂದೆ ಮನೋಹರನ ತಳ್ಳುಗಾಡಿ ಸಿಕ್ಕಿತು. ಮನೋಹರ ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದ. ನಮ್ಮ ಗಂಟು ಬಾಣಲೆಯೊಳಗೆ ಕೂತಿತ್ತು.

"ಇದು ನಮ್ದು. ತಪ್ಪಿ ಬಂದಿದೆ," ಅಂದೆ.

"ಅಕ್ಕ ಕೊಟ್ಟಿದ್ದು ಯಜಮಾನ್ರೇ. ವಾಪಸ್ ಗೀಪಸ್ ಇಲ್ಲ."

"ಅಯ್ಯೋ ಮಾರಾಯ, ಅದು ಕಿಟ್ಟ. ಕಲ್ಲು. ನಿಂಗ್ಯಾಕೆ."

ಮನೋಹರ ನಕ್ಕ. "ಕಲ್ಲಾದ್ರೆ ನೀವ್ಯಾಕೆ ಗಾಡಿ ಹತ್ಕೊಂಡು ಬಂದ್ರಿ? ಮ್ಯಾಗ್ನೆಟ್ ಇಟ್ಟೆ, ಕಚ್ಕೊಂಡು ಬಿಡ್ಲೇ ಇಲ್ಲ. ಬಾಣಲೆಗಿಂತ ಜೋರಾಗಿ ಹಿಡೀತು. ಅಸಲಿ ಮಾಲು."

ಹಾಲೇಶ ಕೈ ಚಾಚಿದ. ಮನೋಹರ ದಾರ ಕಟ್ಟಿದ ಮ್ಯಾಗ್ನೆಟ್ಟನ್ನು ಕೊಟ್ಟ. ಹಾಲೇಶ ಅದನ್ನು ಗಂಟಿನ ಮೇಲೆ ತೂಗಬಿಟ್ಟ. ಟಕ್ಕೆಂದು ಹಿಡಿಯಿತು. ಎಳೆದು ಬಿಡಿಸಿದ. ಇನ್ನೊಂದು ಮಗ್ಗುಲಿಗೆ ಬಿಟ್ಟ. ಅಲ್ಲೂ ಹಿಡಿಯಿತು. ಮತ್ತೆ ಬಿಡಿಸಿದ, ಮತ್ತೆ ಬಿಟ್ಟ. ಟೀ ಅಂಗಡಿಯವನು ಲೋಟ ತೊಳೆಯುವುದು ಬಿಟ್ಟು ನೋಡುತ್ತಿದ್ದ.

"ರಂಗಣ್ಣ," ಅಂದ ಹಾಲೇಶ. "ಆಗಿದೆ ಕಣೋ."

"ಹಾಗಾದ್ರೆ ಅದ್ಲಿಬದ್ಲಿ ಮಾಡಿ," ಅಂದ ಮನೋಹರ. "ಇಷ್ಟೇ ಭಾರದ ಕಬ್ಬಿಣ ಕೊಡಿ, ಇದನ್ನ ಒಯ್ಯಿರಿ."

ವಾಪಸು ಹೋಗಿ ಗೂಡು ಒಡೆದ ಹಾರೆಯನ್ನೇ ತಂದುಕೊಟ್ಟೆವು. ಮನುಷ್ಯ ವ್ಯಾಪಾರ ಶುರುಮಾಡಿದ ದಿನದಿಂದ ಇವತ್ತಿನವರೆಗೆ ಇಂಥ ದಡ್ಡ ವ್ಯಾಪಾರ ಯಾರೂ ಮಾಡಿಲ್ಲ. ನೂರು ತೆಂಗಿನ ಗುಂಡಿ ತೋಡಿದ್ದ ಹಾರೆ ಕೊಟ್ಟು ಒಂದು ಸುಟ್ಟ ಗಂಟು ತೆಗೆದುಕೊಂಡೆವು. ಮನೋಹರ ನಾವು ಮನಸ್ಸು ಬದಲಿಸುವ ಮೊದಲೇ ಗಾಡಿ ತಳ್ಳಿಕೊಂಡು ಹೊರಟುಹೋದ.

ಹಿತ್ತಲಿನಲ್ಲಿ ಹೇಮಶ್ರೀ ನೆಲದಲ್ಲಿ ಸಣ್ಣ ಗುಳಿ ತೋಡಿಸಿ, ಪಕ್ಕದ ಇಸ್ತ್ರಿ ಅಂಗಡಿಯಿಂದ ಇದ್ದಿಲು ತರಿಸಿ ಕಾದಿದ್ದಳು. ಗಂಟನ್ನು ಕೆಂಪಗೆ ಕಾಯಿಸಿದೆವು. ಹಳೆಯ ರೈಲುಪಟ್ಟಿಯ ತುಂಡೊಂದು ಒಗೆಯುವ ಕಲ್ಲಿನ ಪಕ್ಕ ಬಿದ್ದಿತ್ತು, ಅದರ ಮೇಲಿಟ್ಟು ನಾನು ಇಕ್ಕಳ ಹಿಡಿದೆ, ಹಾಲೇಶ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಕರಿ ಸಿಪ್ಪೆ ಹಾರಿತು. ಕಿಟ್ಟವಾಗಿದ್ದರೆ ಗಾಜಿನ ಹಾಗೆ ಪುಡಿಯಾಗಬೇಕಿತ್ತು. ಆಗಲಿಲ್ಲ. ಬಗ್ಗಿತು. ಮತ್ತೆ ಕಾಯಿಸುವುದು, ಮತ್ತೆ ಬಡಿಯುವುದು. ನಾಲ್ಕು ಕಡೆಯಿಂದಲೂ ಒತ್ತಿ ಒತ್ತಿ ಹಲಸಿನಕಾಯಿಯಷ್ಟಿದ್ದದ್ದು ತೆಂಗಿನಕಾಯಿಯಷ್ಟಾಯಿತು, ಮಾವಿನಕಾಯಿಯಷ್ಟಾಯಿತು. ಆರಿದ ಮೇಲೆ ಹಾಲೇಶ ಅರದಿಂದ ಒಂದು ಮೂಲೆಯನ್ನು ಉಜ್ಜಿದ. ಬೆಳ್ಳಗೆ ಹೊಳೆಯಿತು.

ಶರಾವತಿ, ಶೇಷಮ್ಮ ಬಗ್ಗಿ ನೋಡಿದರು. ಹೇಮಶ್ರೀ ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ನಾನು, ಇದರಿಂದ ರೈಲಿನ ಎಂಜಿನ್ನು ಮಾಡುವುದೋ ಹಡಗು ಮಾಡುವುದೋ ಎಂದು ಎಲ್ಲರನ್ನೂ ಕೇಳಿದೆ. ಹಾಲೇಶ ಮಾತ್ರ ಒಗೆಯುವ ಕಲ್ಲಿನ ಮೇಲೆ ಕೂತು ಅದನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ.

"ಹರೀಲಿಲ್ಲ," ಅಂದ.

ಹರಿಯುವುದನ್ನು ತೋರಿಸುತ್ತೇನೆಂದು ಹೇಳಿದವನು ನಾನು.

"ಹೇಮಾ," ಅಂದ ಹಾಲೇಶ. "ಆ ಕಾಲದವರಿಗೂ ಹೀಗೇನಾ? ಗಂಟೇ ಬರ್ತಿತ್ತಾ?"

"ಹೌದು ಮಾವ. ಈ ಕಡೆ ಸಾವಿರಾರು ವರ್ಷ ಹೀಗೇ ಮಾಡಿದ್ರು. ಮಚ್ಚು, ಗುದ್ದಲಿ, ಈಟಿ, ಎಲ್ಲ ಹೀಗೆ ಬಡಿದೇ ಮಾಡಿದ್ದು."

"ಹರಿಯೋದನ್ನ ನೋಡಿರ್ಲಿಲ್ವಾ ಅವರು?"

"ಈ ಥರದ ಗೂಡಲ್ಲಂತೂ ಇಲ್ಲ. ಕಿಟ್ಟ ಹರಿಯೋದು ನೋಡಿರ್ತಾರೆ, ಅಷ್ಟೇ."

"ಮಗನಿಗೆ ಕಲಿಸಿ, ಮೊಮ್ಮಗನಿಗೆ ಕಲಿಸಿ, ಅಷ್ಟು ವರ್ಷ. ಒಂದ್ಸಲನೂ?"

"ಇಲ್ಲ ಮಾವ."

ಹಾಲೇಶ ತುಂಡನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಆಮೇಲೆ, "ಪಾಪ," ಅಂದ.

ಅದನ್ನು ಅವನು ಹೇಳಿದ ರೀತಿ ಹೇಗಿತ್ತೆಂದರೆ, ಪಕ್ಕದ ಲೈನಿನಲ್ಲಿ ಹಬ್ಬದ ದಿನ ಡ್ಯೂಟಿ ಬಿದ್ದವರ ಬಗ್ಗೆ ಹೇಳುವ ಹಾಗೆ. ಆಮೇಲೆ ಅವನು ಮಾತಾಡಲು ಶುರುಮಾಡಿದ. ಹೇಮಶ್ರೀಯನ್ನು ಕೂರಿಸಿಕೊಂಡು, ಬಿರಡೆ ಒಡೆದ ಕ್ಷಣದಲ್ಲಿ ಮೊದಲು ಶಬ್ದ ಬರುತ್ತದೋ ಬೆಳಕು ಬರುತ್ತದೋ, ಬೆಳಗಿನ ಶಿಫ್ಟಿನ ಕಬ್ಬಿಣಕ್ಕೂ ಸಂಜೆಯ ಶಿಫ್ಟಿನದಕ್ಕೂ ಬಣ್ಣದಲ್ಲಿ ಏನು ವ್ಯತ್ಯಾಸ, ಮರಳಿನ ಕಾಲುವೆಯ ತಿರುವಿನಲ್ಲಿ ಅದು ಹೇಗೆ ಒಂದು ಗಳಿಗೆ ತಡೆದು ಆಮೇಲೆ ಮುಂದಕ್ಕೆ ಹಾರುತ್ತದೆ, ಎಲ್ಲ ಹೇಳಿದ. ಆ ಮರಳಿನ ಕಾಲುವೆ ತೋಡಲು ತನಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು, ಅವರು ಯಾವ ಊರಿನಿಂದ ಬಂದಿದ್ದರು ಎಂದೂ ಹೇಳಿದ. ಹೇಮಶ್ರೀ ತನ್ನ ಜೀವಮಾನದಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿಲ್ಲ. ಶರಾವತಿ ಎರಡು ಸಲ ಕಾಫಿ ಮಾಡಿದಳು. ನಾನು ನಡುವೆ ಬಾಯಿ ಹಾಕಲು ನೋಡಿದೆ, ಅವನು ಕೈ ಅಡ್ಡ ಹಿಡಿದ.

"ತಡಿ ಮಾರಾಯ. ನಾನು ಹೇಳ್ತಿದ್ದೀನಲ್ಲ."

ಆ ಕಬ್ಬಿಣದ ತುಂಡನ್ನು ಹಾಲೇಶ ಹೇಮಶ್ರೀಗೇ ಕೊಟ್ಟ. "ನಿನ್ನ ಕಾಲೇಜು ಮಕ್ಕಳಿಗೆ ತೋರಿಸು," ಅಂದ. ಶಿವರಾತ್ರಿ ಕಳೆಯಿತು. ಟೆಂಪೋ ಬಂತು. ಅವನು ಡ್ರೈವರ್ ಪಕ್ಕ ಕೂತು ಹೋಗುವಾಗ ಚಿಮಣಿಯ ಕಡೆ ನೋಡಿದನೋ ಇಲ್ಲವೋ ನಾನು ಗಮನಿಸಲಿಲ್ಲ. ನಾನು ಹಗ್ಗ ಸರಿಯಾಗಿ ಬಿಗಿದಿಲ್ಲವೆಂದು ಕ್ಲೀನರ್ ಜೊತೆ ಜಗಳವಾಡುತ್ತಿದ್ದೆ. ಆಮೇಲೆ ಬಹಳ ದಿನ ಭದ್ರಾವತಿಯ ಕಡೆ ಹೋಗಲು ಮನಸ್ಸಾಗಲಿಲ್ಲ. ಗೋಪಾಳದ ಪಾರ್ಕಿನಲ್ಲಿ ಕೂತು ಹೋಗಿಬರುವವರಿಗೆಲ್ಲ ಕಬ್ಬಿಣ ಕಂಡುಹಿಡಿದ ಕಥೆ ಹೇಳುತ್ತಿದ್ದೆ. ಮೊದಮೊದಲು ಕೂತು ಕೇಳುತ್ತಿದ್ದರು, ಆಮೇಲೆ ವಾಕಿಂಗಿಗೆ ಬೇರೆ ಪಾರ್ಕು ಹುಡುಕಿಕೊಂಡರು.

ಯುಗಾದಿಯಾದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಹಾಲೇಶ.

"ರಂಗಣ್ಣ, ಇಲ್ಲೊಂದು ಗೂಡು ಕಟ್ಟಿದ್ದೀನಿ."

"ದಾವಣಗೆರೇಲಾ? ಎಲ್ಲಿ?"

"ಮನೆ ಪಕ್ಕ ಖಾಲಿ ಸೈಟಿದೆ. ಸೈಟಿನವ್ನು ಕೇಳ್ದ, ಏನಿದು ಅಂತ. ಭದ್ರಾವತಿ ಕಡೆ ಪದ್ಧತಿ, ಹೊಸ ಮನೆಗೆ ಬಂದ್ರೆ ಮಾಡ್ಲೇಬೇಕು ಅಂದೆ. ಕೈ ಮುಗಿದು ಹೋದ. ಈ ಬೀದಿಯವ್ರು ನಾಲ್ಕೈದು ಜನ ಕಲೀತಿದ್ದಾರೆ. ಒಬ್ರ ತಮ್ಮ ಹರಿಹರದಲ್ಲಿದ್ದಾನಂತೆ, ಅವನೂ ಅಲ್ಲಿ ಕಟ್ತಾನಂತೆ."

ಹೇಮಶ್ರೀಗೆ ಹೇಳಬೇಕು ಅಂದುಕೊಂಡೆ. ಇನ್ನು ಸಾವಿರ ವರ್ಷ ಬಿಟ್ಟು ನೆಲ ಅಗೆಯುವವರು ದಾವಣಗೆರೆಯ ಸೈಟಿನಲ್ಲಿ ಗಾಜನೂರಿನವರ ಹಾಗೆ ಹೊಟ್ಟು ಕಲಸಿದ ಗೂಡು ಸಿಕ್ಕಿತೆಂದು ಹೊಡೆದಾಡಿಕೊಳ್ಳುತ್ತಾರೆ.

"ತಿದಿ ಎಲ್ಲಿ ಸಿಕ್ತು?"

"ತಿದಿ ಯಾಕೆ. ಸೊಸೆಯ ವ್ಯಾಕ್ಯೂಮ್ ಕ್ಲೀನರ್ ಇತ್ತು. ತಿರುಗಿಸಿ ಹಾಕ್ದೆ. ಏನು ಗಾಳಿ ಅಂತೀಯ. ನಮ್ಮ ದೊಡ್ಡ ಫರ್ನೇಸಿಗೂ ಇರ್ಲಿಲ್ಲ ಅಂಥ ಗಾಳಿ." ಅವನು ಉಸಿರು ತೆಗೆದುಕೊಂಡ. "ಹರೀತು ಕಣೋ."

"ಏನು?"

"ಕಬ್ಬಿಣ. ಬಿರಡೆ ಒಡೆದೆ, ಹರೀತು. ಕಿಡಿ ಎರಚ್ಕೊಂಡು, ನೀರಿನ ಹಾಗೆ. ಸೈಟು ದಾಟಿ, ಬೀದಿ ದಾಟಿ, ಪಿ.ಬಿ. ರಸ್ತೆ ತನಕ ಹೋಯ್ತು. ಲಾರಿಗಳೆಲ್ಲ ನಿಂತ್ಬಿಟ್ವು. ಪೊಲೀಸ್ನೋರು ಬಂದು ಸೀಟಿ ಊದಿದ್ರು. ಆ ಬೆಳಕಿಗೆ ಊರಿನ ಕೋಳಿಗ್ಳೆಲ್ಲ ಕೂಗೋಕೆ ಶುರುಮಾಡಿದ್ವು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. "ಬಣ್ಣ ಹೇಗಿತ್ತೋ?" ಅಂದೆ.

ಅವನು ಬಣ್ಣ ಹೇಳಲು ಶುರುಮಾಡಿದ. ಶೇಷಮ್ಮ ತಿಂಡಿಗೆ ಕರೆದಳು, ನಾನು ಹೋಗಲಿಲ್ಲ. ಅಡುಗೆಮನೆಯಿಂದ ಬಂದು ಎದುರಿಗೆ ನಿಂತಳು, ಕೈಸನ್ನೆ ಮಾಡಿ ಕೂರಿಸಿದೆ. ಅವನು ಮುಗಿಸಿ ಫೋನು ಇಟ್ಟ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ.

"ನಿಜಾನೇನ್ರೀ," ಅಂದಳು. "ಪಿ.ಬಿ. ರಸ್ತೆ ತನಕ?"

"ನಿಜ ಇಲ್ದೆ ಏನು," ಅಂದೆ. "ಆದ್ರೆ ಇನ್ನೂ ಹೊಸಬ. ನಾನಾಗಿದ್ರೆ ಹರಿಹರದ ಹೊಳೆ ತನಕ ಹರಿಸ್ತಿದ್ದೆ."